ಊರ ಟ್ಯಾಂಕು ತುಂಬುವ ತನಕ

ತಿಪಟೂರಿನ ಬಸ್ ನಿಲ್ದಾಣದಲ್ಲಿ ಮೊನ್ನೆ ಒಬ್ಬ ಹುಡುಗಿ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಪಕ್ಕ ನಿಂತಳು. ನಾನು ಕೆಲಸ ಮಾಡುತ್ತಿದ್ದ ಕುಡಿಯುವ ನೀರಿನ ಕಚೇರಿಗೆ ಹೊಸದಾಗಿ ಸೇರಿರುವ ಜೂನಿಯರ್ ಇಂಜಿನಿಯರ್ ಅಂತೆ. ನಿಮ್ಮ ಕುರ್ಚಿಯಲ್ಲಿ ಮೊದಲು ಕೂರುತ್ತಿದ್ದವರು ಇವರೇ ಎಂದು ಯಾರೋ ನನ್ನನ್ನು ತೋರಿಸಿದ್ದರು.

"ಮೇಡಂ, ಈ ಕೆಲಸದಲ್ಲಿ ನಿಜವಾಗ್ಲೂ ಏನಿರತ್ತೆ? ಆಫೀಸಲ್ಲಿ ಯಾರನ್ನ ಕೇಳಿದ್ರೂ ನಕ್ಕು ಸುಮ್ನಾಗ್ತಾರೆ" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಹುಳಿಯಾರು ಬಸ್ಸು ಬಂತು. ಕಿಟಕಿಯಿಂದ ಕೈಬೀಸಿ ಹೋದಳು. ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವಳಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ವರ್ಷ ಬಡ್ತಿ ಬಂತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದು ಯಾರಿಗೂ ಬೇಡ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ, ಈ ಮೂರು ತಾಲ್ಲೂಕುಗಳ ತೆಂಗಿನ ತೋಟಗಳ ನಡುವೆಯೇ ನನ್ನ ನೌಕರಿ ಕಳೆಯಿತು ಎಂದರೆ ಸಾಕು.

ನಾನು ಸೇರಿದಾಗ ನಮ್ಮ ಉಪವಿಭಾಗದಲ್ಲಿ ಹೆಣ್ಣು ಇಂಜಿನಿಯರ್ ನಾನೊಬ್ಬಳೇ. ಬೋರ್‌ವೆಲ್ ಕೊರೆಸಲು ಬರುವ ಹೆಂಗಸೆಂದು ಹಳ್ಳಿಯವರು ನನ್ನ ಬೆನ್ನ ಹಿಂದೆ "ಬೋರಮ್ಮ" ಎನ್ನುತ್ತಿದ್ದರು. ನಮ್ಮ ಕಡೆ ಬೋರಮ್ಮ ಎಂಬುದು ಅಜ್ಜಿಯರ ಹೆಸರೂ ಹೌದು. ಒಂದು ಊರಿನಲ್ಲಿ "ಬೋರಮ್ಮ ಬಂದ್ಲು ಕಣ್ಲಾ" ಎಂದು ಯಾರೋ ಕೂಗಿದಾಗ, ನಿಜವಾದ ಬೋರಮ್ಮಜ್ಜಿ ಒಳಗಿನಿಂದ "ನಾನೆಲ್ಲಿಗೋಗಿದ್ನಲಾ ಬರಾಕೆ?" ಎಂದು ಗದರಿದ್ದರು. ಆಮೇಲೆ ಆ ಅಜ್ಜಿಯೂ ನಾನೂ ಹೆಸರು ಹಂಚಿಕೊಂಡ ಗೆಳತಿಯರಾದೆವು.

ನನ್ನ ಮೊದಲ ಮೇಲಧಿಕಾರಿ ವೀರಭದ್ರಯ್ಯನವರು. ದಪ್ಪ ಕನ್ನಡಕ, ಬಿಳಿ ಅಂಗಿ, ಮಾತು ಕಡಿಮೆ. ಸೇರಿದ ಮೊದಲ ವಾರವೇ ಅವರ ಜೊತೆ ಜೀಪಿನಲ್ಲಿ ಹಂದನಕೆರೆ ಕಡೆಯ ಒಂದು ಹಳ್ಳಿಗೆ ಹೋದೆ. ಅಲ್ಲಿ ಕೈಪಂಪು ಕೆಟ್ಟು ಬಹಳ ದಿನವಾಗಿತ್ತು. ಕೈಪಂಪಿಗೆ ಊರಿನವರು ಬೋರಿಂಗು ಎನ್ನುತ್ತಿದ್ದರು. ಜೀಪು ನಿಂತ ಕೂಡಲೇ ಹೆಂಗಸರು ಖಾಲಿ ಕೊಡಗಳ ಸಮೇತ ಸುತ್ತುವರಿದರು. ಒಬ್ಬೊಬ್ಬರದೂ ಏರಿದ ದನಿ. ನಾನು ಪೆನ್ನು ತೆಗೆದು ಬರೆದುಕೊಳ್ಳಲು ಶುರುಮಾಡಿದೆ. ವೀರಭದ್ರಯ್ಯನವರು ಅವರ ಮಾತನ್ನೆಲ್ಲ ಕೇಳಿಸಿಕೊಂಡು, ಅಲ್ಲಿದ್ದ ಒಬ್ಬ ಹೆಂಗಸಿಗೆ, "ತಾಯಿ, ಈಗ ನೀವು ಕುಡೀತಿರೋ ನೀರು ಒಂದು ಲೋಟ ಕೊಡಿ" ಎಂದರು.

ಆಕೆ ಒಳಗೆ ಹೋಗಿ ಲೋಟವನ್ನು ಎರಡೆರಡು ಸಲ ತೊಳೆದು ನೀರು ತಂದುಕೊಟ್ಟಳು. ಅವರು ಪೂರ್ತಿ ಕುಡಿದು, "ಇವರಿಗೂ ಒಂದು ಲೋಟ" ಎಂದು ನನ್ನನ್ನು ತೋರಿಸಿದರು. ಕುಡಿದೆ. ಸವಳು ನೀರು, ಜೊತೆಗೆ ಮಣ್ಣಿನ ವಾಸನೆ. ನಾಲಿಗೆಯ ಮೇಲೆ ಸಂಜೆಯವರೆಗೂ ಉಳಿಯಿತು.

"ಈಗ ಮಾತಾಡೋಣ" ಎಂದು ಅವರು ಪಂಪಿನ ಕಟ್ಟೆಯ ಮೇಲೆ ಕೂತರು. ಅಷ್ಟು ಹೊತ್ತಿಗೆ ಎಲ್ಲರ ದನಿಯೂ ಇಳಿದಿತ್ತು.

ವಾಪಸು ಬರುವಾಗ ಅವರು ಹೇಳಿದ್ದು ಎರಡೇ ಮಾತು. ಒಂದು, ಜನ ದಿನಾ ಕುಡಿಯುವುದನ್ನು ನಾವು ಒಂದು ಲೋಟವಾದರೂ ಕುಡಿಯದೆ ಅದರ ಬಗ್ಗೆ ಮಾತಾಡಬಾರದು. ಎರಡು, ಕುಡಿದು ಚೆನ್ನಾಗಿದೆ ಅನ್ನಿಸಿದರೂ ನಂಬಬಾರದು, ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಬೇಕು. ಫ್ಲೋರೈಡು ನಾಲಿಗೆಗೆ ಗೊತ್ತಾಗುವುದಿಲ್ಲ. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳನ್ನು ಆ ಊರಿನಲ್ಲೇ ತೋರಿಸಿದರು. ಹೊಸಬರಿಗೆ ನಾನು ಎರಡನೆಯ ಮಾತನ್ನು ಒತ್ತಿ ಹೇಳುತ್ತೇನೆ. ಈಗ ಊರಲ್ಲೇ ಪರೀಕ್ಷೆ ಮಾಡುವ ಪೆಟ್ಟಿಗೆ ಬಂದಿದೆ, ಹಳ್ಳಿಯ ಹೆಂಗಸರೇ ಬಣ್ಣ ನೋಡಿ ಹೇಳುತ್ತಾರೆ. ಆಗ ಬಾಟಲಿ ತುಮಕೂರಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ಕೇಳಿದವರೇ ಮರೆತಿರುತ್ತಿದ್ದರು.

ಆ ಊರಿನ ಪಂಪು ರಿಪೇರಿಗೆ ಬಂದವನು ಮೆಕ್ಯಾನಿಕ್ ಗಂಗಣ್ಣ. ನನ್ನ ನೌಕರಿಯ ಅರ್ಧಭಾಗ ಇವನ ಜೊತೆ ಜಗಳವಾಡುತ್ತಲೇ ಕಳೆಯಿತು. ಮಹಾ ಸಿಡುಕ. ಕೆಲಸ ಶುರುಮಾಡುವಾಗ "ದೂರ ನಿಂತ್ಕಳ್ರೀ ಎಲ್ಲಾ!" ಎಂದು ಎಷ್ಟು ಜೋರಾಗಿ ಕೂಗುತ್ತಿದ್ದನೆಂದರೆ ಕಟ್ಟಿದ ದನಗಳು ಹಗ್ಗ ಜಗ್ಗುತ್ತಿದ್ದವು.

ಕೈಪಂಪು ಬಿಚ್ಚುವುದೆಂದರೆ ಭೂಮಿಯೊಳಗಿನ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ, ಕ್ಲಾಂಪಿನಲ್ಲಿ ಬಿಗಿದು, ತಿರುಪಿ ಬಿಡಿಸಬೇಕು. ಅವತ್ತು ಕ್ಲಾಂಪು ಜಾರಿತು. ಉಳಿದ ಪೈಪುಗಳೆಲ್ಲ ತಳದಲ್ಲಿದ್ದ, ನೀರೆತ್ತುವ ಸಿಲಿಂಡರಿನ ಸಮೇತ ಸರ್ರನೆ ಒಳಗೆ ಹೋದವು. ಆಳದಲ್ಲೆಲ್ಲೋ ದಡ್ ಎಂದು ಸದ್ದು ಕೇಳಿಸಿತು. ಊರಿಗಿದ್ದದ್ದು ಅದೊಂದೇ ಬೋರ್‌ವೆಲ್. ಪೈಪು ಒಳಗೇ ಉಳಿದರೆ ಅದು ಮುಚ್ಚಿದ ಹಾಗೆಯೇ ಲೆಕ್ಕ. ಗಂಗಣ್ಣನ ಮುಖ ಬಿಳಿಚಿಕೊಂಡಿತು. ಜನ ಬೈಯುತ್ತಾರೆಂದು ನಾನು ಕಾದೆ. ಯಾರೂ ಬೈಯಲಿಲ್ಲ. ಆಗಷ್ಟೇ ಅವನಿಂದ ಬೈಸಿಕೊಂಡು ದೂರ ನಿಂತಿದ್ದ ಒಬ್ಬ ಮುದುಕಿ ಒಂದು ಚೊಂಬು ಮಜ್ಜಿಗೆ ತಂದು ಅವನ ಕೈಗಿಟ್ಟು, "ಕುಡಿಯಪ್ಪ. ಕುಡ್ದು ಆಮೇಲೆ ನೋಡೀವಂತೆ" ಎಂದಳು.

ಗಂಗಣ್ಣ ಕುಡಿದ. ಮೇಲೆ ಉಳಿದಿದ್ದ ಪೈಪಿನ ತುದಿಗೆ ಕೊಕ್ಕೆ ಕಟ್ಟಿ ಒಳಗಿಳಿಸಿ, ಕಿವಿಯನ್ನು ಪೈಪಿಗೆ ಆನಿಸಿ, ಬಾವಿಗೆ ಬಿದ್ದ ಬಿಂದಿಗೆ ಹುಡುಕಿದಂತೆ ಹುಡುಕುತ್ತಾ ಹೋದ. ಬಿಸಿಲು ಇಳಿಯುವ ಹೊತ್ತಿಗೆ ಬಿದ್ದ ಪೈಪು ಕೊಕ್ಕೆಗೆ ಸಿಕ್ಕಿತು. ಮೇಲೆತ್ತಲು ನಮ್ಮ ಜನ ಸಾಲಲಿಲ್ಲ. ಯಾರನ್ನು ದೂರ ನಿಲ್ಲಿಸಿದ್ದನೋ ಅವರೇ ಬಂದು ಹಗ್ಗ ಹಿಡಿದರು. ಹೊಸ ವಾಷರು ಹಾಕಿ ಪಂಪು ಜೋಡಿಸಿದಾಗ ಮೊದಲು ಕೆಂಪು ನೀರು, ಆಮೇಲೆ ತಿಳಿನೀರು ಬಂತು. ಗಂಗಣ್ಣ ಪಂಪಿನ ಕೈ ಬಿಟ್ಟು ಆಚೆ ಹೋಗಿ ಮುಖ ಒರೆಸಿಕೊಂಡ. ಬೆವರೋ ಬೇರೇನೋ ನಾನು ಕೇಳಲಿಲ್ಲ. ಅಂದಿನಿಂದ ಅವನು ಜನರನ್ನು ದೂರ ಕಳಿಸುವುದನ್ನು ಬಿಟ್ಟ. ಸಿಡುಕುವುದನ್ನು ಮಾತ್ರ ನಿವೃತ್ತಿಯವರೆಗೂ ಬಿಡಲಿಲ್ಲ.

ಬೋರ್‌ವೆಲ್ ಎಲ್ಲಿ ಕೊರೆಯಬೇಕು ಎಂಬುದು ನಮ್ಮ ಕೆಲಸದ ದೊಡ್ಡ ನಾಟಕ. ಮಾಯಸಂದ್ರದ ಹತ್ತಿರದ ಒಂದು ಹಳ್ಳಿಗೆ ನಮ್ಮ ಭೂವಿಜ್ಞಾನಿ ಯಂತ್ರ ತಂದು, ನೆಲಕ್ಕೆ ಸರಳು ನೆಟ್ಟು, ತಂತಿ ಎಳೆದು ಬೆಳಗಿಂದ ಅಳೆದರು. ಊರಿನವರು ತಮ್ಮ ಕಡೆಯಿಂದ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವ ಒಬ್ಬರನ್ನು ಕರೆಸಿದ್ದರು. ಅವರು ನಡೆಯುತ್ತಾ ಹೋದಾಗ ಕಾಯಿ ಎದ್ದು ನಿಲ್ಲುವ ಜಾಗದಲ್ಲಿ ನೀರು ಎಂದು ನಂಬಿಕೆ. ಇವರ ಮುಖ ಅವರು ನೋಡುವುದಿಲ್ಲ, ಅವರ ಮುಖ ಇವರು ನೋಡುವುದಿಲ್ಲ. ಕೊನೆಗೆ ಇಬ್ಬರೂ ಒಂದೇ ಹುಣಸೆಮರದ ಬುಡ ತೋರಿಸಿದರು! ಊರಿಗೆ ಊರೇ ಕುಣಿದಾಡಿತು. ಭೂವಿಜ್ಞಾನಿ ಮತ್ತು ಕಾಯಿಯವರು ಮೊದಲ ಸಲ ಕೈಕುಲುಕಿ, ಪಕ್ಕಪಕ್ಕ ಕೂತು ಎಳನೀರು ಕುಡಿದರು.

ಬೋರ್ ಲಾರಿ ಬಂತು, ಪೂಜೆಯಾಯಿತು, ಕೊರೆತ ಶುರುವಾಯಿತು. ಬಂದದ್ದು ಬರೀ ಬೂದಿಯಂಥ ಧೂಳು. ಎಷ್ಟು ಆಳಕ್ಕೆ ಹೋದರೂ ಅದೇ. ನಮ್ಮೆಲ್ಲರ ತಲೆ, ಹುಬ್ಬು, ಬಟ್ಟೆ ಬೆಳ್ಳಗಾದವು. ಕಾಯಿಯವರು ಭೂವಿಜ್ಞಾನಿಯ ಕಡೆ ತಿರುಗಿ, "ನಿಮ್ದು ಮಿಷಿನ್ನು, ನಮ್ದು ಕಾಯಿ. ಎರಡಕ್ಕೂ ಕಣ್ಣಿಲ್ಲ ಕಣ್ರೀ ಸ್ವಾಮಿ" ಎಂದರು. ಇಬ್ಬರೂ ನಕ್ಕರು. ಆ ಊರಿಗೆ ಕೊನೆಗೆ ನೀರು ಸಿಕ್ಕಿದ್ದು ಹೊಸ ಬೋರ್‌ವೆಲ್‌ನಿಂದಲ್ಲ. ಕಸ ತುಂಬಿ ಬಿಟ್ಟಿದ್ದ ಹಳೆಯ ಬಾವಿಯನ್ನು ಊರಿನವರೇ ಹೂಳೆತ್ತಿದರು; ನಾವು ಮೇಲೆ ಜಾಲರಿ ಮುಚ್ಚಿ, ಮೋಟರು ಕೂರಿಸಿದೆವು. ಹತ್ತಿರದ ಕೆರೆಗೆ ಹೇಮಾವತಿ ನಾಲೆಯ ನೀರು ಬಂದ ವರ್ಷದಿಂದ ಆ ಬಾವಿ ಬತ್ತಿಲ್ಲ. ನೆಲದ ಒಳಗಿನದನ್ನು ಯಾರೂ ಪೂರ್ತಿ ಬಲ್ಲವರಲ್ಲ ಎಂಬುದನ್ನು ನನಗೆ ಕಲಿಸಿದ್ದಕ್ಕೆ ಆ ಬೂದಿಗೂ ನಾನು ಋಣಿ.

ಕಾಲ ಬದಲಾಯಿತು. ಬೋರಿಂಗು ಹೋಗಿ ಬೀದಿಬೀದಿಗೆ ಸಿಸ್ಟನ್ ಎಂಬ ಸಣ್ಣ ಟ್ಯಾಂಕು ಬಂತು. ಆಮೇಲೆ ಕಂಬದ ಮೇಲಿನ ದೊಡ್ಡ ಟ್ಯಾಂಕು, ಬೀದಿ ನಲ್ಲಿ. ಈಗ ಮನೆಮನೆಗೆ ನಲ್ಲಿ. ಪ್ರತಿ ಸಲವೂ ನಮಗೆ ಇನ್ನೇನು ಕಷ್ಟ ತೀರಿತು ಎನ್ನಿಸುತ್ತಿತ್ತು. ಪೈಪು ಹಾಕುವುದು ಸುಲಭದ ಕೆಲಸ. ಹಾಕಿದ ಪೈಪಿನಲ್ಲಿ ಮುಂದಿನ ಬೇಸಿಗೆಯೂ, ಅದರ ಮುಂದಿನ ಬೇಸಿಗೆಯೂ ನೀರು ಬರುವಂತೆ ಮಾಡುವುದೇ ಕೆಲಸ. ಇದು ನನಗೆ ಅರ್ಥವಾದದ್ದು ಬೇವಿನಹಟ್ಟಿಯಲ್ಲಿ.

ಹೊನ್ನವಳ್ಳಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು ಅದು. ಸುತ್ತ ತೆಂಗಿನ ತೋಟ, ನಡುವೆ ಮನೆಗಳು. ಊರ ಬೋರ್‌ವೆಲ್ ಇರುವುದೂ ತೋಟಗಳ ಅಂಚಿನಲ್ಲೇ. ಒಂದು ಬೇಸಿಗೆ ಅದರ ನೀರು ಕಡಿಮೆಯಾಗಿ ಟ್ಯಾಂಕು ತುಂಬದಂತಾಯಿತು. ಟ್ಯಾಂಕಿನ ಹತ್ತಿರದ ಮೇಲಿನ ಬೀದಿಯ ನಲ್ಲಿಗಳಲ್ಲಿ ಸ್ವಲ್ಪ ಬರುತ್ತಿತ್ತು, ಪೈಪಿನ ಕೊನೆಯ ನಲ್ಲಿಗಳಲ್ಲಿ ಬರೀ ಗಾಳಿ. ನಮ್ಮ ಕಚೇರಿಯ ಉತ್ತರ ಯಾವತ್ತೂ ಒಂದೇ, ಇನ್ನೊಂದು ಕೊರೆಯಿರಿ. ಕೊರೆದೆವು. ಒಳ್ಳೆಯ ನೀರು ಬಂತು, ಸಿಹಿ ಹಂಚಿದರು. ನಮ್ಮದು ಆಳಕ್ಕೆ ಹೋದದ್ದನ್ನು ನೋಡಿ ತೋಟದವರು ತಮ್ಮದನ್ನು ಇನ್ನೂ ಆಳಕ್ಕೆ ಕೊರೆಸಿದರು. ಮರುವರ್ಷ ನಮ್ಮದು ಮತ್ತೆ ಬತ್ತಿತು. ಮತ್ತೆ ಕೊರೆದೆವು. ಅದೂ ಅಷ್ಟೇ ಆಯಿತು.

ಹೀಗೆ ಊರಿಗೆ ಟ್ಯಾಂಕರ್ ಲಾರಿಯಲ್ಲಿ ನೀರು ಕಳಿಸುವ ಮಾತು ಬಂದಿದ್ದಾಗ ಒಂದು ದಿನ ಬೇರೇನೋ ಕೆಲಸಕ್ಕೆ ಆ ಊರಿಗೆ ಹೋದೆ. ನೋಡಿದರೆ ಟ್ಯಾಂಕಿನಿಂದ ನೀರು ತುಂಬಿ ಸುರಿಯುತ್ತಿದೆ! ಊರಿನ ನೀರುಗಂಟಿ ತಿಮ್ಮಣ್ಣ, ಅಂದರೆ ಮೋಟರು ಹಾಕಿ ವಾಲ್ವು ತಿರುಗಿಸಿ ನೀರು ಬಿಡುವವನು, ಕೆಳಗೆ ನಿಂತು ಬೆರಗಾಗಿ ನೋಡುತ್ತಿದ್ದ.

"ಏನ್ ತಿಮ್ಮಣ್ಣ ಇದು?"

"ನಂಗೂ ಗೊತ್ತಾಗ್ತಿಲ್ಲ ಮೇಡಂ. ಮೊನ್ನೆಯಿಂದ ಹಿಂಗೇ ಬರ್ತಾ ಐತೆ. ದೇವ್ರು ಕಣ್ಬುಟ್ಟ ಅಂತ ಪೂಜೆ ಮಾಡಿಸ್ಬುಟ್ಟೆ."

ತೋಟಗಳ ಕಡೆ ನೋಡಿದೆ. ಯಾವ ಮೋಟರಿನ ಸದ್ದೂ ಇಲ್ಲ. ವಿಚಾರಿಸಿದರೆ ತೋಟಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಊರ ಬೋರ್‌ವೆಲ್‌ಗೆ ಬೇರೆ ಟ್ರಾನ್ಸ್‌ಫಾರ್ಮರ್. ಮೋಟರು ಓಡಿಸುವ ತ್ರೀ ಫೇಸ್ ಕರೆಂಟು ಎಲ್ಲರಿಗೂ ಒಂದೇ ಹೊತ್ತಿಗೆ ಬರುತ್ತಿತ್ತು. ಬಂದ ಕೂಡಲೇ ಎಲ್ಲ ತೋಟಗಳ ಮೋಟರೂ ಒಟ್ಟಿಗೇ ಶುರುವಾಗಿ, ನಡುವೆ ಇದ್ದ ಊರ ಬೋರ್‌ವೆಲ್‌ಗೆ ನೀರು ಸಿಗದೆ ಹೋಗುತ್ತಿತ್ತು. ಕರೆಂಟು ಬಂದಾಗ ಮೊದಲು ಊರ ಮೋಟರು, ಟ್ಯಾಂಕು ತುಂಬಿದ ಮೇಲೆ ತೋಟದ ಮೋಟರು ಎಂದು ಮಾಡಿದರೆ ಹೊಸ ಬೋರ್‌ವೆಲ್ ಬೇಕಾಗಿಯೇ ಇಲ್ಲ.

ಕಚೇರಿಗೆ ಬಂದು ಆಗಿನ ಸಾಹೇಬರಿಗೆ ಹೇಳಿದೆ. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. "ಇದು ಇಂಜಿನಿಯರಿಂಗ್ ಅಲ್ಲ ಮೇಡಂ, ಪಂಚಾಯ್ತಿ" ಎಂದರು. ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದು, "ಮಾಡಿ ನೋಡಿ. ಆಗ್ಲಿಲ್ಲ ಅಂದ್ರೆ ನಾನೂ ಬಂದು ಬೈಸಿಕೊಳ್ತೀನಿ" ಎಂದರು. ಅಷ್ಟು ಹೇಳುವ ಮೇಲಧಿಕಾರಿ ಸಿಕ್ಕುವುದೂ ಪುಣ್ಯವೇ.

ಗುಡಿಯ ಜಗಲಿಯ ಮೇಲೆ ಸಭೆ ಸೇರಿತು. ತೋಟದವರಲ್ಲಿ ಹಿರಿಯರು ಶಿವನಂಜಪ್ಪ. ಊರ ಬೋರ್‌ವೆಲ್‌ಗೆ ಅಂಟಿಕೊಂಡಂತೆ ಇದ್ದದ್ದು ಅವರದೇ ತೋಟ. ನನ್ನ ಮಾತನ್ನು ಪೂರ್ತಿ ಕೇಳಿ, ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದುನಿಂತರು.

"ಬೆಳಗಿನ ಕರೆಂಟೇ ನಮ್ಗೆ ಜೀವ ಕಣಮ್ಮ. ಅದ್ರಲ್ಲಿ ಪಾಲು ಕೇಳ್ತೀಯಲ್ಲ, ನಿಂಗೆ ತೋಟ ಐತಾ?"

"ಇಲ್ಲ" ಎಂದೆ.

"ಇಲ್ಲ ಅಲ್ವಾ. ಜನಕ್ಕೆ ನೀರಿಲ್ದಿದ್ರೆ ಕೊಡ ತಗಂಡು ಪಕ್ಕದೂರಿಗೋಗ್ತಾರೆ. ನನ್ನ ಗಿಡ ಎಲ್ಲಿಗೋದಾವು? ಸುಳಿ ಒಣಗಿದ್ರೆ ಮುಗೀತು. ನಮ್ಮಪ್ಪನ ಜತೆ ಗುಂಡಿ ತೆಗ್ದು ನೆಟ್ಟಿದ್ದು ನಾನು. ಹರಳೆಲ್ಲಾ ಉದುರ್ತಾವೆ ಈಗ್ಲೇ, ಬಂದು ನೋಡು."

ಅದು ಸುಳ್ಳಲ್ಲ. ಆ ಬೆಳಿಗ್ಗೆ ಅವರ ತೋಟದಲ್ಲಿ ನಡೆದು ಬಂದಿದ್ದೆ. ಹರಳುಗಳು, ಅಂದರೆ ತೆಂಗಿನ ಎಳೆ ಮಿಡಿಗಳು, ಕಾಲಡಿಗೆ ಸಿಗುತ್ತಿದ್ದವು. ಅವರೇ ಮುಂದುವರಿಸಿದರು.

"ನೀರು ಕೊಡಾಕಿಲ್ಲ ಅಂತ ನಾನಂದಿಲ್ಲ. ಯಾರಾದ್ರೂ ಬಂದು ನನ್ನ ಮೋಟ್ರಿನಾಗೆ ಹಿಡ್ಕಂಡು ಹೋಗ್ಲಿ. ಯಾವತ್ತಾದ್ರೂ ಬ್ಯಾಡ ಅಂದಿವ್ನಾ? ಲಕ್ಕಮ್ಮ, ನೀನೇ ಹೇಳು, ಅಂದಿವ್ನಾ?"

ಲಕ್ಕಮ್ಮನದು ಪೈಪಿನ ಕೊನೆಯ ಮನೆ. ಶಿವನಂಜಪ್ಪನವರ ಮನೆಯಲ್ಲೇ ಕೊಬ್ಬರಿ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಆ ಬೇಸಿಗೆ ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ತಾಯಿಗೂ ಕೂಸಿಗೂ ದಿನಾ ನೀರು ಹಾಕಬೇಕು. ಬೆಳಿಗ್ಗೆ ಸಂಜೆ ಅವರ ತೋಟದಿಂದಲೇ ಹೊತ್ತು ತರುತ್ತಿದ್ದಳು. ಕಂಬಕ್ಕೆ ಒರಗಿ ನಿಂತಿದ್ದವಳು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅಂದಿಲ್ಲ ಶಿವನಂಜಣ್ಣ. ನಿಮ್ಮ ಹೊಟ್ಟೆ ತಣ್ಣಗಿರ್ಲಿ, ಒಂದು ದಿನಾನೂ ಅಂದಿಲ್ಲ. ಆದ್ರೆ ದಿನಾ ಬಂದು ನಿಮ್ಮ ಬಾಗ್ಲಾಗೆ ನಿಲ್ಬೇಕಲ್ಲ ಅಣ್ಣ. ನಿಮ್ಮನೆ ಅಕ್ಕನ ಮುಖ ಹೆಂಗೈತೆ, ನಿಮ್ಮ ಮುಖ ಹೆಂಗೈತೆ, ಇವತ್ತು ಕೇಳ್ಬೋದಾ ಬ್ಯಾಡ್ವಾ ಅಂತ ನೋಡ್ಕಂಡು ಬರ್ಬೇಕು. ನಲ್ಲೀಲಿ ಬಂದ್ರೆ ಯಾರ ಮುಖಾನೂ ನೋಡಂಗಿಲ್ಲ. ಅಷ್ಟೇ ಕಣಣ್ಣ."

ಶಿವನಂಜಪ್ಪ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಇಳಿದು ಹೋದರು. ಅವರು ಹೋದ ಮೇಲೆ ಉಳಿದ ತೋಟದವರೂ ಎದ್ದರು. ಸಭೆ ಮುರಿಯಿತು. ನಾನು ಸೋತೆನೆಂದುಕೊಂಡು ಬಸ್ಸು ಹತ್ತಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಲಕ್ಕಮ್ಮನ ಮಾತೇ ಕಿವಿಯಲ್ಲಿತ್ತು. ಜನರಿಗೆ ನೀರು ತಲುಪಿದರೆ ಸಾಕೆಂದು ನಾನು ತಿಳಿದಿದ್ದೆ. ಹೇಗೆ ತಲುಪುತ್ತದೆ ಎಂಬುದೂ ನೀರಿನಷ್ಟೇ ಮುಖ್ಯ ಎಂದು ಅಷ್ಟು ವರ್ಷಗಳಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ತಿಮ್ಮಣ್ಣನ ಫೋನು ಬಂತು.

"ಮೇಡಂ, ಕರೆಂಟ್ ಬಂದು ಆಗ್ಲೇ ಹೊತ್ತಾಯ್ತು. ಶಿವನಂಜಪ್ಪನೋರು ಮೋಟ್ರು ಹಾಕಿಲ್ಲ. ಮೋಟ್ರು ಮನೆ ಮೆಟ್ಲು ಮ್ಯಾಲೆ ಕುಂತವ್ರೆ. ಯಾಕೆ ಅಂತ ಕೇಳಿದ್ರೆ, 'ಟ್ಯಾಂಕು ತುಂಬ್ತೇನ್ಲಾ?' ಅಂತಾರೆ!"

ಒಬ್ಬರು ಕಾದರೆ ಸಾಕಾಗುವುದಿಲ್ಲ, ಉಳಿದವರೂ ಕಾಯಬೇಕು. ಅವರು ಕಾದದ್ದನ್ನು ನೋಡಿ ಕೆಲವರು ತಾವೂ ಕಾದರು. ಒಪ್ಪದೆ ಮೋಟರು ಹಾಕಿಯೇಬಿಟ್ಟವನು ರಾಜಣ್ಣ ಎಂಬವನೊಬ್ಬ. ಶಿವನಂಜಪ್ಪ ಜಗಳಕ್ಕೆ ಹೋಗಲಿಲ್ಲ. ದಿನಾ ಬೆಳಿಗ್ಗೆ ರಾಜಣ್ಣನ ಮೋಟರು ಮನೆಗೆ ಹೋಗಿ ಅಲ್ಲಿನ ಮೆಟ್ಟಿಲ ಮೇಲೆ ಕೂತು, "ಕಾಫಿ ತರ್ಸಪ್ಪ" ಎನ್ನುತ್ತಿದ್ದರು. ವಯಸ್ಸಿನಲ್ಲಿ ದೊಡ್ಡವರು, ಏಳಿ ಎನ್ನುವ ಹಾಗಿಲ್ಲ. ಅವರ ಎದುರಿಗೆ ಸ್ವಿಚ್ಚು ಒತ್ತಲು ಕೈ ಬರುವುದಿಲ್ಲ. ಕೆಲವು ದಿನ ಕಾಫಿ ಕೊಟ್ಟು ಸುಸ್ತಾಗಿ ರಾಜಣ್ಣನೂ ಒಪ್ಪಿದ.

ಆ ವಾರ ನಾನು ಹೋದಾಗ ಶಿವನಂಜಪ್ಪ ನನ್ನನ್ನು ತೋಟದೊಳಗೆ ಕರೆದುಕೊಂಡು ಹೋದರು. "ನೋಡು ಬೋರಮ್ಮ" ಎಂದರು. ಆ ಹೆಸರನ್ನು ನನ್ನ ಮುಖಕ್ಕೇ ಹೇಳಿದವರು ಅವರೊಬ್ಬರೇ. "ನಾನು ಊರ ಮಾತು ಕೇಳ್ದೆ. ಈಗ ನೀನು ನನ್ನ ಗಿಡದ ಮಾತು ಕೇಳು. ಕಡಿಮೆ ಹೊತ್ತಿನಾಗೆ ಇಷ್ಟು ಗಿಡಕ್ಕೂ ನೀರು ಹೆಂಗೆ ಹಾಯ್ಸನ? ಹೇಳ್ಕೊಡು."

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕರೆತರುತ್ತೇನೆ ಎಂದೆ. ತೋಟಗಾರಿಕೆ ಇಲಾಖೆಯ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋದೆ. ಅವಳು ಹನಿ ನೀರಾವರಿ ತೋರಿಸಿದಳು. ಕಾಯಿ ಸುಲಿದ ಮಟ್ಟೆಯನ್ನು ಸುಡದೆ ಗಿಡದ ಸುತ್ತ ಹೂತು, ಮೇಲೆ ಸೋಗೆ ಮುಚ್ಚಿದರೆ ತೇವ ಉಳಿಯುತ್ತದೆ ಎಂದು ಗುಂಡಿ ತೆಗೆಸಿ ಮಾಡಿ ತೋರಿಸಿದಳು. ಶಿವನಂಜಪ್ಪ ಮೊದಲು ಒಂದು ಸಾಲಿಗೆ ಮಾತ್ರ ಮಾಡಿ ನೋಡಿದರು. ಆ ಬೇಸಿಗೆ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಅವರ ಒಂದು ಗಿಡ ಒಣಗಿದರೂ ಒಪ್ಪಂದ ಮುರಿಯುತ್ತದೆ, ಮುರಿದರೆ ತಪ್ಪು ಹೇಳುವ ಹಾಗೂ ಇಲ್ಲ. ಊರಿನಿಂದ ಫೋನು ಬಂದಾಗಲೆಲ್ಲ ಮೊದಲು ಗಿಡಗಳನ್ನೇ ವಿಚಾರಿಸುತ್ತಿದ್ದೆ. ಅಂಚಿನ ಒಂದೆರಡು ಹಳೆಯ ಗಿಡಗಳು ಸೊರಗಿದವು. "ಅವು ಮೊದಲೇ ಹೋಗೋವು ಕಣಮ್ಮ, ನಿನ್ನ ಲೆಕ್ಕಕ್ಕಿಲ್ಲ" ಎಂದು ಅವರೇ ನನಗೆ ಸಮಾಧಾನ ಹೇಳಿದರು. ಉಳಿದವು ನಿಂತವು. ಮಳೆ ಬಂದ ಮೇಲೆ ಹೊಸ ಹೊಂಬಾಳೆ ಹೊರಟದ್ದನ್ನು ತೋರಿಸಲು ಅವರು ನನ್ನನ್ನು ಕರೆಸಿಕೊಂಡರು. ಹರಳಿನ ಗೊಂಚಲನ್ನು ಬೆರಳಲ್ಲಿ ಮುಟ್ಟಿ ತೋರಿಸುವಾಗ ಅವರ ಮುಖ ಮಗು ಎತ್ತಿಕೊಂಡವರ ಹಾಗಿತ್ತು.

ಟ್ಯಾಂಕು ತುಂಬಿದ್ದು ತೋಟದವರಿಗೆ ಗೊತ್ತಾಗಬೇಕಲ್ಲ? ಮೊದಲು ತಿಮ್ಮಣ್ಣ ಟ್ಯಾಂಕಿನ ಕಬ್ಬಿಣದ ಏಣಿಯನ್ನು ಕೋಲಿನಿಂದ ಬಡಿಯುತ್ತಿದ್ದ. ದೂರದ ತೋಟಗಳಿಗೆ ಕೇಳುತ್ತಿರಲಿಲ್ಲ. ಆಮೇಲೆ ವಿಷಲ್ಲು ತಂದ. ಅದನ್ನು ಕೇಳಿ ಶಾಲೆಯ ಮಕ್ಕಳು ಆಟಕ್ಕೆ ಬಿಟ್ಟರೆಂದು ಹೊರಗೆ ಓಡಿಬರುತ್ತಿದ್ದರು. ಮೇಷ್ಟರು ತಕರಾರು ಮಾಡಿದರು. ಈಗ ವಾಟ್ಸಾಪ್ ಗುಂಪಿದೆ. "ತುಂಬ್ತು" ಎಂದು ಒಂದೇ ಪದ ಬರುತ್ತದೆ, ತೋಟಗಳಲ್ಲಿ ಮೋಟರುಗಳು ಶುರುವಾಗುತ್ತವೆ. ಮುಂದೆ ಮನೆಮನೆಗೆ ನಲ್ಲಿ ಬಂದಾಗ ನೀರು ನೋಡಿಕೊಳ್ಳುವ ಸಮಿತಿಗೆ ಲಕ್ಕಮ್ಮ ಸೇರಿದಳು. ನೀರಿಗೆ ಕ್ಲೋರಿನ್ ಸರಿಯಾಗಿ ಬಿದ್ದಿದೆಯೇ ಎಂದು ಪರೀಕ್ಷೆ ಮಾಡುವವಳು ಅವಳೇ. ಪೈಪಿಗೇ ಮೋಟರು ಹಾಕಿ ನೀರೆಳೆಯುತ್ತಿದ್ದ ಮೇಲಿನ ಬೀದಿಯವರ ಮನೆಗೆ ಅವಳು ಹೋಗಿ, "ನಿಮ್ಮ ಮೋಟ್ರು ಬಿಚ್ಚಿಡ್ರಿ, ಕೊನೇ ಮನೇಲಿ ನಾನಿವ್ನಿ" ಎಂದು ನಗುತ್ತಲೇ ಹೇಳಿ ಬಿಚ್ಚಿಸಿದಳಂತೆ. ನಾನು ನೋಟಿಸು ಕೊಟ್ಟು ಮಾಡಲಾಗದ ಕೆಲಸ.

ಎಲ್ಲ ಊರಿನಲ್ಲೂ ಹೀಗಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಇದೇ ಮಾತನ್ನು ಬೇರೆ ಹಳ್ಳಿಗಳಲ್ಲಿ ಹೇಳಿ ಜಗಲಿಯಿಂದ ಇಳಿಸಿಕೊಂಡಿದ್ದೇನೆ. ಅಲ್ಲಿ ಶಿವನಂಜಪ್ಪನೂ ಇರಲಿಲ್ಲ, ಲಕ್ಕಮ್ಮನೂ ಇರಲಿಲ್ಲ, ಅಥವಾ ಇದ್ದರೂ ನಾನು ಅವರನ್ನು ಹುಡುಕಿಕೊಳ್ಳಲಿಲ್ಲ. ಹುಡುಗಿ, ನೀನು ಹೋದ ಊರಿನಲ್ಲಿ ಮೊದಲು ಅಂಥವರನ್ನು ಹುಡುಕು. ಬೋರ್‌ವೆಲ್ ಜಾಗ ಆಮೇಲೆ ಹುಡುಕಿದರಾಯಿತು.

ನಿವೃತ್ತಿಯಾದ ಮೇಲೆ, ಹೋದ ಬೇಸಿಗೆ, ಲಕ್ಕಮ್ಮ ಫೋನು ಮಾಡಿದಳು. "ಅಕ್ಕ, ಜಗಳ ಆಗೈತೆ. ಯಾರೋ ಹೊರಗಿನೋರು ತೋಟ ತಗಂಡು ಹೊಸಾ ಬೋರ್ ಕೊರ್ಸವ್ರೆ. ಮಾತು ಕೇಳ್ತಿಲ್ಲ. ನೀವು ಬರ್ಲೇಬೇಕು" ಎಂದಳು. ಈಗ ನನಗೆ ಯಾವ ಅಧಿಕಾರವೂ ಇಲ್ಲ, ಹೋಗಿ ಏನು ಮಾಡಲಿ ಎಂದು ಯೋಚಿಸುತ್ತಲೇ ಮರುದಿನ ಹೊನ್ನವಳ್ಳಿಯ ಬಸ್ಸು ಹತ್ತಿದೆ. ಅಲ್ಲಿಂದ ತಿಮ್ಮಣ್ಣ ತನ್ನ ಬೈಕಿನಲ್ಲಿ ಕರೆದೊಯ್ದ. ಏನಾಯಿತೆಂದು ಕೇಳಿದರೆ, "ಬನ್ನಿ ಮೇಡಂ, ಅಲ್ಲೇ ಗೊತ್ತಾಯ್ತದೆ" ಎಂದಷ್ಟೇ ಹೇಳಿದ.

ಲಕ್ಕಮ್ಮನ ಮನೆ ಮುಂದೆ ಚಪ್ಪರದ ಕೆಳಗೆ ಚಾಪೆ ಹಾಸಿತ್ತು. ಶಿವನಂಜಪ್ಪ ಊರುಗೋಲು ಪಕ್ಕದಲ್ಲಿಟ್ಟು ಕೂತಿದ್ದರು. ಅವರ ಪಕ್ಕದಲ್ಲಿ ನನಗೆ ಪರಿಚಯವಿಲ್ಲದ ಒಬ್ಬರು. ನಾನು ಕೂರುವ ಮೊದಲೇ, "ಎಲ್ಲಿ, ಯಾರ ತೋಟ, ಮೊದ್ಲು ಜಾಗ ನೋಡ್ತೀನಿ" ಎಂದೆ.

ಶಿವನಂಜಪ್ಪ ನಕ್ಕರು. "ಕೂತ್ಕೊ ಕಣಮ್ಮ. ಜಗಳ ಇತ್ತು. ನಿನ್ನೆ ಸಂಜೆ ತೀರೋಯ್ತು. ಇವ್ರೇ ಹೊಸಾ ತೋಟದೋರು. ಒಪ್ಕಂಡ್ರು, ಗುಂಪಿಗೂ ಸೇರ್ಕಂಡ್ರು. ನಿಂಗೆ ಬರ್ಬ್ಯಾಡ ಅಂತ ಫೋನ್ ಮಾಡನ ಅಂದೆ. ಇವ್ಳು ಬುಡ್ಲಿಲ್ಲ."

ಒಳಗಿನಿಂದ ಲಕ್ಕಮ್ಮ ಕೂಗಿದಳು. "ಯಾಕೆ ಬ್ಯಾಡ ಅನ್ಬೇಕು? ಜಗಳ ಇದ್ರೇನೇ ಬರ್ಬೇಕಾ ಅವ್ರು? ಕೈ ತೊಳ್ಕೊಳಿ ಅಕ್ಕ, ಮುದ್ದೆ ಆರೋಯ್ತದೆ."

ಹೊಸ ತೋಟದವರು ನನ್ನನ್ನು ಒಂದು ಕ್ಷಣ ನೋಡಿ, ಶಿವನಂಜಪ್ಪನವರ ಕಡೆ ಬಾಗಿ ಮೆಲ್ಲಗೆ ಕೇಳಿದರು. "ಇವರು ಯಾರು?"

"ಹಳೇ ಇಂಜಿನಿಯರಮ್ಮ" ಎಂದರು ಶಿವನಂಜಪ್ಪ. "ಊಟಕ್ಕೆ ಬಂದವ್ರೆ."

ಆ ಊರಿಗೆ ನಾನು ಬತ್ತಿದ ಬೋರ್‌ವೆಲ್‌ಗೆ ಹೋಗಿದ್ದೆ, ಸುಟ್ಟ ಮೋಟರಿಗೆ ಹೋಗಿದ್ದೆ, ಒಡೆದ ಪೈಪಿಗೆ, ಮುರಿದ ಸಭೆಗೆ ಹೋಗಿದ್ದೆ. ಕೆಲಸವಿಲ್ಲದೆ ಬರೀ ಊಟಕ್ಕೆ ಕೂತದ್ದು ಅದೇ ಮೊದಲು. ತಟ್ಟೆಯಲ್ಲಿ ಬಿಸಿ ಮುದ್ದೆ, ಅವರೆಕಾಳಿನ ಸಾರು ಇತ್ತು. ಇನ್ನೊಂದು ಸ್ವಲ್ಪ ಎಂದು ಲಕ್ಕಮ್ಮ ಬಡಿಸುತ್ತಲೇ ಹೋದಳು. ನಾನೂ ಬೇಡವೆನ್ನಲಿಲ್ಲ.